ಭರಣಿಯೊಳಗಿನ ಸಾಲ

ಕುಂಬಾರಿಕೆಗೆ ಹೆಸರಾದ ಖಾನಾಪುರದಿಂದ ತಂದ ಪಿಂಗಾಣಿ ಭರಣಿಯೊಂದು ನಮ್ಮ ಮನೆಯಲ್ಲಿದೆ. ಒಳಮೈಯಲ್ಲಿ ಕುಂಬಾರನ ಬೆರಳಿನ ಗೆರೆಗಳು ಇನ್ನೂ ಇವೆ. ಮಣ್ಣು ಒಣಗುವಾಗಲೂ ಬೇಯುವಾಗಲೂ ಕುಗ್ಗುವುದರಿಂದ, ಮುಚ್ಚಳವನ್ನು ಅದೇ ಮಣ್ಣಿನಿಂದ ಮಾಡಿ ಜೊತೆಯಲ್ಲೇ ಸುಡುತ್ತಾರೆ. ಬೇರೆಯದರ ಮುಚ್ಚಳ ಅದಕ್ಕೆ ಹೊಂದುವುದು ಅಪರೂಪ. ಗುಂಡಿ, ಸೂಜಿ, ಬೀಗವೇ ಇಲ್ಲದ ಬೀಗದಕೈ, ಹೀಗೆ ಎಂದಾದರೂ ಬೇಕಾದೀತೆಂದು ಎಲ್ಲವನ್ನೂ ಅದರಲ್ಲಿ ಹಾಕಿದೆವು. ಅದನ್ನು ಮಿತವ್ಯಯವೆಂದೇ ಎಣಿಸಿದ್ದೆ. ಗಾಜಿನ ಸೀಸೆಯಾದರೆ ಒಳಗಿನದು ಕಾಣುತ್ತದೆ; ಭರಣಿಯದು ಕಾಣದು.

ಮೊನ್ನೆ ಬರಿದುಮಾಡಿದಾಗ ನೆರೆಮನೆಯ ಅಜ್ಜಿಯ ಕ್ರೋಶ ಕಡ್ಡಿ ಸಿಕ್ಕಿತು. ಅವರು ಎರಡು ಬಾರಿ ಕೇಳಿದ್ದರು. ಹಿಂದಿರುಗಿಸಿಯಾಯಿತೆಂದು ಎರಡು ಬಾರಿಯೂ ದೃಢವಾಗಿ ನುಡಿದಿದ್ದೆ. ಕದ್ದದ್ದಲ್ಲ, ಮರೆತದ್ದು ನಿಜ. ಆದರೆ ಅವರ ಮಾತಿಗಿಂತ ನನ್ನ ನೆನಪನ್ನೇ ಹೆಚ್ಚು ನಂಬಿದೆನಲ್ಲ, ಅದು ನಿರ್ದೋಷವೇ? ಈಗ ಅವರ ಕಣ್ಣು ಮಂಜಾಗಿದೆ; ಹೆಣೆಯುವುದನ್ನು ಬಿಟ್ಟಿದ್ದಾರೆ. ಕಡ್ಡಿಯಿಂದ ಅವರಿಗಿನ್ನು ಉಪಯೋಗವಿಲ್ಲ. ಆದರೂ ಕೊಟ್ಟೇ ಬರಬೇಕೆಂದು ಈ ಸಂಜೆ ಹೊರಟಿದ್ದೇನೆ.