ಮುಚ್ಚಿಟ್ಟ ಮೂರ್ಛೆ

ಹೃದಯದ ಸ್ನಾಯು ಬೇರೆ ಕಾರಣವಿಲ್ಲದೆ ದಪ್ಪಗಾಗುವ ವಂಶಪಾರಂಪರ್ಯದ ರೋಗವೊಂದುಂಟು. ಸುಮಾರು 500 ಜನರಲ್ಲಿ ಒಬ್ಬರಿಗಿರುವ ಇದನ್ನು 1958ರಲ್ಲಿ ಲಂಡನ್ನಿನ ರೋಗಶಾಸ್ತ್ರಜ್ಞ ಡೊನಾಲ್ಡ್ ಟಿಯರ್ ಅವರು ಎಂಟು ಪ್ರಕರಣಗಳ ಮೂಲಕ ವಿವರಿಸಿದರು. ರೋಗಿಗಳಲ್ಲಿ ಬಹುಮಂದಿ ವೃದ್ಧಾಪ್ಯದವರೆಗೂ ಬಾಳುತ್ತಾರೆ. ಕೆಲವರಲ್ಲಿ ಮಾತ್ರ, ಎಷ್ಟೋ ವೇಳೆ ತಾರುಣ್ಯದಲ್ಲಿಯೇ, ಹೃದಯದ ಲಯ ತಪ್ಪಿ ಹಠಾತ್ ಮರಣ ಸಂಭವಿಸುತ್ತದೆ. ಆ ಕೆಲವರು ಯಾರೆಂದು ತಿಳಿದರೆ ಡಿಫಿಬ್ರಿಲೇಟರ್ ಎಂಬ ಯಂತ್ರವನ್ನು ಎದೆಯಲ್ಲಿರಿಸಿ ಕಾಪಾಡಬಹುದು. ಎಲ್ಲರಿಗೂ ಇರಿಸುವುದು ದಯೆಯೆನಿಸದು; ಅನಗತ್ಯ ವಿದ್ಯುದಾಘಾತ, ಸೋಂಕು, ಮರುಶಸ್ತ್ರಕ್ರಿಯೆಗಳು ಅದರ ಬೆನ್ನಿಗಿವೆ.

ಆದ್ದರಿಂದ ಯುರೋಪಿನ ವೈದ್ಯರು 3,675 ರೋಗಿಗಳನ್ನು ಅಭ್ಯಸಿಸಿ 2014ರಲ್ಲಿ ಒಂದು ಗಣಿತಸೂತ್ರವನ್ನು ಪ್ರಕಟಿಸಿದರು. ಮುಂದಿನ ಐದು ವರ್ಷಗಳಲ್ಲಿ ಹಠಾತ್ ಮರಣದ ಸಂಭವ ನೂರಕ್ಕೆ ಆರು ಅಥವಾ ಹೆಚ್ಚಿದ್ದರೆ ಯಂತ್ರವನ್ನು ಪರಿಗಣಿಸಬೇಕು. ನಾಲ್ಕಕ್ಕಿಂತ ಕಡಿಮೆಯಾದರೆ ಸಾಮಾನ್ಯವಾಗಿ ಬೇಡ. ಸೂತ್ರಕ್ಕೆ ಬೇಕಾದ ಸಂಗತಿಗಳು ಏಳು. ವಯಸ್ಸು, ಹೃದಯದ ಗೋಡೆಯ ದಪ್ಪ, ಎಡ ಹೃತ್ಕರ್ಣದ ಅಳತೆ, ರಕ್ತ ಹೊರಹರಿಯುವೆಡೆಯ ಒತ್ತಡದ ಅಂತರ, ಲಯದ ಏರುಪೇರು, ಇವಕ್ಕೆ ದಾಖಲೆಗಳೂ ಉಪಕರಣಗಳೂ ಸಾಕ್ಷಿ. ಉಳಿದೆರಡು ಯಾವ ಉಪಕರಣಕ್ಕೂ ಸಿಗವು: ಕಾರಣ ತಿಳಿಯದ ಮೂರ್ಛೆ ಮತ್ತು ಹತ್ತಿರದ ರಕ್ತಸಂಬಂಧಿಯ ಹಠಾತ್ ಮರಣ. ಇವು ಮನೆಯವರ ಬಾಯಿಂದಲೇ ಬರಬೇಕು.

ಮನೆಯವರು ಮುಚ್ಚಿಡುವುದೂ ಇವೆರಡನ್ನೇ. ಮದುವೆಗೆ ಬಂದ ಮಗಳು ಎಚ್ಚರತಪ್ಪಿ ಬಿದ್ದುದು "ಉಪವಾಸದ ನಿಶ್ಶಕ್ತಿ" ಎನಿಸಿಕೊಳ್ಳುತ್ತದೆ. ಅವಳ ಅಣ್ಣ ಆಟದ ಬಯಲಿನಲ್ಲಿ ತೀರಿಕೊಂಡುದು "ಬಿಸಿಲಿನ ಹೊಡೆತ" ಆಗುತ್ತದೆ. ಇದರಲ್ಲಿ ದುರುದ್ದೇಶವಿಲ್ಲ, ವಾತ್ಸಲ್ಯವಿದೆ. ಆದರೆ ಸೂತ್ರದಲ್ಲಿ ಮೂರ್ಛೆಯ ತೂಕ ಎಷ್ಟೆಂದರೆ, ಅದೊಂದನ್ನು ಹೇಳದೆ ಬಿಟ್ಟರೆ ಅಂಕಿ ಸುಮಾರು ಅರ್ಧಕ್ಕಿಳಿಯುತ್ತದೆ. ನೂರಕ್ಕೆ ಏಳು ಇದ್ದುದು ಮೂರೂವರೆ ಆಗಿ, ಯಂತ್ರ ಬೇಡವೆಂಬ ಸಾಲಿಗೆ ಅವಳು ಸರಿಯುತ್ತಾಳೆ. ವೈದ್ಯನ ಲೆಕ್ಕ ತಪ್ಪಿಲ್ಲ. ಅವನಿಗೆ ಕೊಟ್ಟ ಅಂಕಿ ತಪ್ಪು. ಸುಳ್ಳು ನುಡಿಯದೆ ಕೇವಲ ಸುಮ್ಮನಿದ್ದವರಿಗೆ ಹಿಂಸೆಯ ದೋಷ ತಟ್ಟದೆಂದು ವಾದಿಸುವುದು ಕಷ್ಟ.

ಅಂಕಿಯೂ ಸರ್ವಜ್ಞವಲ್ಲ. ನೂರಕ್ಕೆ ಏಳು ಎಂಬುದು ಅಂಥ ನೂರು ಮಂದಿಯ ಮಾತು. ಆ ಏಳರಲ್ಲಿ ಈ ಮಗಳು ಇರುವಳೋ ಇಲ್ಲವೋ ಅದು ಹೇಳದು. ಈಚೆಗೆ ವೈದ್ಯರು ಎಂ.ಆರ್.ಐ.ಯಲ್ಲಿ ತೋರುವ ಸ್ನಾಯುವಿನ ಗಾಯದ ಗುರುತನ್ನೂ ಗಮನಿಸುತ್ತಾರೆ. ಆದರೂ ಯಂತ್ರ ಬೇಕೋ ಬೇಡವೋ ಎಂಬುದನ್ನು ಕೊನೆಗೆ ಅವಳೇ ನಿರ್ಧರಿಸಬೇಕಾದುದು. ಮರೆಮಾಚಿದ ಮನೆಯಲ್ಲಿ ಆ ನಿರ್ಧಾರ ಅವಳಿಗರಿಯದಂತೆಯೇ ಆಗಿಹೋಗಿರುತ್ತದೆ.

ವೈದ್ಯನಿಗೆ ಹೇಳಿದ್ದು ಗುಟ್ಟಾಗಿ ಉಳಿಯಬೇಕಾದುದು ಅವನ ವೃತ್ತಿಧರ್ಮ. ಬೀಗರಿಗೂ ಹೇಳಬೇಕೇ ಎಂಬ ಪ್ರಶ್ನೆ ಇದಕ್ಕಿಂತ ಕಠಿಣ. ಸಂಬಂಧ ಮುರಿಯುವ ಭಯ ಹುಸಿಯಲ್ಲ. ಆದರೆ ಈ ರೋಗದ ವಂಶವಾಹಿ ಇರುವ ತಾಯಿಯಿಂದ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ಅಣ್ಣನ ಸಾವಿನ ನಿಜವನ್ನು ಅರಿಯದ ಮನೆಯಲ್ಲಿ ಆ ಮಗುವಿನ ಎದೆಯನ್ನು ಪರೀಕ್ಷಿಸಬೇಕೆಂದು ಯಾರಿಗೆ ತೋಚೀತು?