ಅಂಕಣವೋ, ಸರದಿಯೋ?

ತನ್ನದೇ ಆದ ಒಂದು ಚಿಕ್ಕ ಕೋಣೆ ಮೇಲೋ, ಹಲವರೊಡನೆ ಸರದಿಯಿಂದ ಅನುಭವಿಸುವ ಒಂದು ದೊಡ್ಡ ಮನೆ ಮೇಲೋ ಎಂಬ ಪ್ರಶ್ನೆ ಮೇಲುನೋಟಕ್ಕೆ ಕೇವಲ ವ್ಯವಹಾರದ್ದಾಗಿ ತೋರುತ್ತದೆ. ಇಷ್ಟು ಹಣಕ್ಕೆ ಇಷ್ಟು ಜಾಗವೆಂದು ಲೆಕ್ಕಹಾಕಿ ಮುಗಿಸಬಹುದಾದ ಮಾತೆಂದು ಅನೇಕರು ಭಾವಿಸುತ್ತಾರೆ. ಆದರೆ ಒಳಹೊಕ್ಕು ನೋಡಿದಲ್ಲಿ, ‘ನಮ್ಮದು’ ಎಂಬ ಮಾತಿನೊಳಗೆ ಯಾರು ಯಾರು ಸೇರುತ್ತಾರೆ, ಇಂದಿನ ನಾನು ನಾಳಿನ ನನ್ನನ್ನೂ ನನ್ನ ಮಕ್ಕಳನ್ನೂ ಎಷ್ಟರಮಟ್ಟಿಗೆ ಮಾತಿಗೆ ಕಟ್ಟಿಹಾಕಬಹುದು ಎಂಬ ಜಿಜ್ಞಾಸೆಗಳು ಅದರಲ್ಲಿ ಅಡಗಿರುವುದು ಗೋಚರವಾಗುತ್ತದೆ. ನಗರಗಳಲ್ಲಿ ಈ ಪ್ರಶ್ನೆ ಹೊಸ ವೇಷದಲ್ಲಿ ಬಂದಿದೆ. ನಮ್ಮ ತುರುವನೂರಿನಂಥ ಊರುಗಳಲ್ಲಿ ಅದು ಹಳೆಯ ಮಾಳಿಗೆಮನೆಗಳ ಬಾಗಿಲಲ್ಲಿ ಕುಳಿತಿದೆ. ಎರಡನ್ನೂ ಕೂಡಿಸಿ ವಿಚಾರ ಮಾಡುವುದು ಉಚಿತವೆಂದು ತೋರುತ್ತದೆ.

ಮೊದಲು ನಗರದ ಮಾತು. ವಿಹಾರಸ್ಥಳದ ಒಂದೇ ಮನೆಯನ್ನು ಹಲವರಿಗೆ ಕಾಲದ ಲೆಕ್ಕದಲ್ಲಿ ಹಂಚುವ ‘ಟೈಮ್‌ಶೇರ್’ ಎಂಬ ಪದ್ಧತಿ ಹುಟ್ಟಿದ್ದು ಯುರೋಪಿನಲ್ಲಿ. 1963ರಲ್ಲಿ ಸ್ವಿಟ್ಸರ್‌ಲೆಂಡಿನಲ್ಲಿ ಆರಂಭವಾದ ಹಪಿಮಾಗ್ ಎಂಬ ಸಂಸ್ಥೆ ಈ ಮಾರ್ಗದಲ್ಲಿ ಮೊದಲಿನವುಗಳಲ್ಲೊಂದು. ನಮ್ಮ ದೇಶದಲ್ಲಿ 1986ರಲ್ಲಿ ಸ್ಟರ್ಲಿಂಗ್ ಸಂಸ್ಥೆಯೂ 1996ರಲ್ಲಿ ಮಹೀಂದ್ರದವರ ಸಂಸ್ಥೆಯೂ ಇದನ್ನು ತಂದವು. ವರ್ಷಕ್ಕೆ ಏಳು ದಿನದಂತೆ ಇಪ್ಪತ್ತೈದು ವರ್ಷಗಳ ಸದಸ್ಯತ್ವವೆಂಬ ಕ್ರಮ ಈ ಬಗೆಯ ವ್ಯವಹಾರದಲ್ಲಿ ಪ್ರಸಿದ್ಧವಾಯಿತು. ಸದಸ್ಯನಾಗುವವನು ಎರಡು ಸಂಗತಿಗಳನ್ನು ಆರಿಸಿಕೊಳ್ಳಬೇಕು. ಒಂದು, ಕೋಣೆಯ ಗಾತ್ರ: ಮಲಗುವ ಜಾಗ, ಕೂರುವ ಜಾಗ ಎಲ್ಲವೂ ಒಂದೇ ಆಗಿರುವ ‘ಸ್ಟುಡಿಯೊ’, ಇಲ್ಲವೆ ಬೇರೆ ಮಲಗುಕೋಣೆಗಳುಳ್ಳ ದೊಡ್ಡ ಮನೆ. ಇನ್ನೊಂದು, ಕಾಲ: ಜನ ನೂಕುನುಗ್ಗಲಾಗಿ ಬರುವ ರಜೆಯ ದಿನಗಳಿಗೊಂದು ಬಣ್ಣ, ಯಾರೂ ಬಾರದ ದಿನಗಳಿಗೆ ಮತ್ತೊಂದು ಬಣ್ಣ. ಬೆಲೆ ಇವೆರಡರ ಮೇಲೆ ನಿಂತಿರುತ್ತದೆ. ಹೀಗಾಗಿ ಮಿತವಾದ ಹಣವುಳ್ಳ ಗೃಹಸ್ಥನು ಮಕ್ಕಳ ರಜೆಯಲ್ಲಿ ಚಿಕ್ಕ ಕೋಣೆಗೆ ಹೋಗಬೇಕೋ, ರಜೆಯಿಲ್ಲದ ಕಾಲದಲ್ಲಿ ದೊಡ್ಡ ಮನೆಗೆ ಹೋಗಬೇಕೋ ಎಂದು ಯೋಚಿಸುವಂತಾಗುತ್ತದೆ. ಇದಲ್ಲದೆ ಹೋದರೂ ಹೋಗದಿದ್ದರೂ ಪ್ರತಿವರ್ಷ ನಿರ್ವಹಣೆಯ ಹಣ ತೆರಬೇಕು. ಮನೆ ದೊಡ್ಡದಾದಷ್ಟೂ ಆ ಹಣವೂ ದೊಡ್ಡದು.

ನಮ್ಮ ಓದುಗರಲ್ಲಿ ಹೆಚ್ಚಿನವರು ಕೂಡಲೇ ಕೊಡುವ ಉತ್ತರವನ್ನು ಊಹಿಸಬಲ್ಲೆವು. “ಚಿಕ್ಕದೇ ಸಾಕು, ದೊಡ್ಡದು ಆಡಂಬರ” ಎಂಬುದೇ ಆ ಉತ್ತರ. ಸರಳತೆಯನ್ನು ಮೆಚ್ಚುವ ಪರಂಪರೆಯಲ್ಲಿ ಬೆಳೆದವರಿಗೆ ಇದು ಸಹಜ. ಆದರೂ ಈ ಉತ್ತರವನ್ನು ಅಷ್ಟು ಸುಲಭವಾಗಿ ಒಪ್ಪುವಂತಿಲ್ಲ. ಸ್ಟುಡಿಯೊ ಎಂಬುದು ಗಂಡ, ಹೆಂಡತಿ, ಇಬ್ಬರು ಎಳೆಯ ಮಕ್ಕಳು ಇಷ್ಟೇ ಜನರ ಅಳತೆಗೆ ಕತ್ತರಿಸಿದ ಅಂಗಿ. ಅದರಲ್ಲಿ ಮುದಿ ತಾಯಿಗೆ ಜಾಗವಿಲ್ಲ. ವಿಧವೆಯಾದ ಅಕ್ಕನಿಗಿಲ್ಲ, ಓದಿಗೆಂದು ಮನೆಯಲ್ಲಿ ಬಂದಿರುವ ತಮ್ಮನ ಮಗನಿಗಿಲ್ಲ. “ಕೋಣೆ ಚಿಕ್ಕದು, ಏನು ಮಾಡುವುದು?” ಎಂದು ಕೈಚೆಲ್ಲಿದರೆ ಯಾರೂ ತಪ್ಪು ಹೇಳುವಂತಿಲ್ಲ, ಇಪ್ಪತ್ತೈದು ವರ್ಷಗಳಿಗೆ ಸಾಕಾಗುವಷ್ಟು ನೆಪ ಒಂದೇ ಸಹಿಯಲ್ಲಿ ದೊರೆತಂತಾಯಿತು. ಹೀಗೆ ಸರಳತೆ ಕೆಲವೊಮ್ಮೆ ಸ್ವಾರ್ಥಕ್ಕೆ ಹೊದಿಕೆಯಾಗುತ್ತದೆ. ದೊಡ್ಡದನ್ನು ಬಯಸುವವನಲ್ಲಿ ಮೆರೆಯುವ ಆಸೆಯಿರಬಹುದು, ನಾಲ್ಕು ಜನರನ್ನು ಜೊತೆಗೆ ಕರೆದೊಯ್ಯುವ ಆಸೆಯೂ ಇರಬಹುದು. ಗಾತ್ರವೊಂದನ್ನೇ ನೋಡಿ ಗುಣವನ್ನು ನಿರ್ಣಯಿಸುವುದು ಅವಿಚಾರ.

ಹಾಗಾದರೆ ದೊಡ್ಡದನ್ನೇ ಕೊಳ್ಳಬೇಕೇ? ಇಲ್ಲಿ ಕಾಲದ ಪ್ರಶ್ನೆ ಎದುರಾಗುತ್ತದೆ. ಇಂದು ಎಪ್ಪತ್ತು ತುಂಬಿದ ತಾಯಿಗಾಗಿ ಕೊಂಡ ಕೋಣೆಯಲ್ಲಿ ಇನ್ನು ಹತ್ತು ವರ್ಷಕ್ಕೆ ಯಾರು ಮಲಗುತ್ತಾರೆ? ಮಕ್ಕಳು ದೊಡ್ಡವರಾಗಿ ತಮ್ಮ ದಾರಿ ಹಿಡಿದ ಮೇಲೆ ಯಾರಿಗಾಗಿ ಹಣ ತೆರುತ್ತಾ ಹೋಗುವುದು? ಮನುಷ್ಯನು ಮುಂದಿನ ಕಾಲಕ್ಕೆ ಮಾತು ಕೊಡುವುದು ಹೊಸದೇನಲ್ಲ; ಮದುವೆಯೂ ಸಾಲವೂ ಅಂಥ ಮಾತುಗಳೇ. ಆದರೆ ಮದುವೆಯಲ್ಲಿ ಒಬ್ಬ ವ್ಯಕ್ತಿಗೆ ಮಾತು ಕೊಡುತ್ತೇವೆ, ಆ ವ್ಯಕ್ತಿ ನಮ್ಮೊಡನೆ ಬದಲಾಗುತ್ತಾ ಬರುತ್ತಾರೆ. ಇಲ್ಲಿ ಮಾತು ಕೊಡುವುದು ಒಂದು ಅಳತೆಗೆ, ಒಂದು ಬಣ್ಣಕ್ಕೆ. ಅದು ಬದಲಾಗುವುದಿಲ್ಲ, ನಾವು ಬದಲಾಗುತ್ತೇವೆ.

ಮಳೆಯನ್ನೇ ನಂಬಿದ ಸೀಮೆಯವರಿಗೆ ಇದು ಬೇಗ ಅರ್ಥವಾಗಬೇಕು. ಹಿರಿಯೂರಿನ ಮಾರಿಕಣಿವೆಯಲ್ಲಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಎಂಬತ್ತೊಂಬತ್ತು ವರ್ಷಗಳ ಅನಂತರ. ಇಂಥ ನೆಲದಲ್ಲಿ ಶೇಂಗಾ, ಈರುಳ್ಳಿ ಬೆಳೆದು ಮಕ್ಕಳನ್ನು ಓದಿಸಿದ ರೈತನು, ಮಳೆ ಬರಲಿ ಬಾರದಿರಲಿ ವರ್ಷವರ್ಷವೂ ತಪ್ಪದೆ ಕೊಡುತ್ತೇನೆಂದು ವಿಹಾರಕ್ಕಾಗಿ ಬರೆದುಕೊಡುವ ಮುನ್ನ ಹತ್ತು ಸಲ ಯೋಚಿಸುತ್ತಿದ್ದನು. ನಗರದಲ್ಲಿ ತಿಂಗಳ ಸಂಬಳಕ್ಕೆ ಒಗ್ಗಿದ ಅವನ ಮಗನಿಗೆ ಆ ಭಯವಿಲ್ಲ. ಭಯವಿಲ್ಲದಿರುವುದು ಒಳ್ಳೆಯದೇ, ಆದರೆ ಸಂಬಳವೂ ಒಂದು ಬಗೆಯ ಮಳೆ.

ಯುರೋಪಿನ ರಾಷ್ಟ್ರಗಳು ಈ ವ್ಯಾಪಾರಕ್ಕಾಗಿಯೇ 1994ರಲ್ಲಿ ಒಂದು ನಿಯಮ ಮಾಡಿ, ಒಪ್ಪಂದಕ್ಕೆ ಸಹಿ ಹಾಕಿದವನು ಹತ್ತು ದಿನಗಳೊಳಗೆ ಕಾರಣ ಹೇಳದೆ ಹಿಂದೆಗೆಯಬಹುದೆಂದು ವಿಧಿಸಿದವು. 2009ರಲ್ಲಿ ಅದನ್ನು ಹದಿನಾಲ್ಕು ದಿನಗಳಿಗೆ ಏರಿಸಿದವು. ಕ್ಷಣದ ಆಸೆ ತಣಿಯಲು ಎರಡು ವಾರ ಬೇಕೆಂದು ಶಾಸನಕರ್ತರೇ ಒಪ್ಪಿಕೊಂಡಂತಾಯಿತು. ಈ ಮಾತನ್ನು ಕಾನೂನು ಹೇಳುವ ತನಕ ಕಾಯಬೇಕಾಗಿರಲಿಲ್ಲ. ‘ಇಂದೇ ಸಹಿ ಹಾಕಿದರೆ ಇಷ್ಟು ರಿಯಾಯಿತಿ’ ಎಂದವರಿಗೆ “ಮನೆಯಲ್ಲಿ ಹಿರಿಯರನ್ನು ಕೇಳಿ ಬರುತ್ತೇನೆ” ಎನ್ನುವ ಧೈರ್ಯವೊಂದಿದ್ದರೆ ಸಾಕು.

ಇನ್ನು ನಮ್ಮ ಊರಿನ ಕಡೆ ತಿರುಗೋಣ. ತುರುವನೂರು 1939ರಲ್ಲಿ ಎಸ್. ನಿಜಲಿಂಗಪ್ಪನವರೂ ಪಾಲ್ಗೊಂಡ, ಈಚಲುಮರ ಕಡಿದ ಅರಣ್ಯ ಸತ್ಯಾಗ್ರಹದಿಂದ ನಾಡಿಗೆಲ್ಲ ಹೆಸರಾದ ಊರು. ಈ ಸೀಮೆಯ ಹಳೆಯ ಮನೆಗಳು ಕಲ್ಲುಮಣ್ಣಿನ ಗೋಡೆ, ಮರದ ಕಂಬ, ತೊಲೆ, ಜಂತೆ, ಅದರ ಮೇಲೆ ಮಣ್ಣಿನ ಮಾಳಿಗೆ ಉಳ್ಳವು. ಮನೆಯ ಅಳತೆಯನ್ನು ಅಡಿಗಳಲ್ಲಿ ಹೇಳುತ್ತಿರಲಿಲ್ಲ, ಅಂಕಣಗಳಲ್ಲಿ ಹೇಳುತ್ತಿದ್ದರು. ಕಂಬದಿಂದ ಕಂಬಕ್ಕೆ ಒಂದು ಅಂಕಣ. ಅಂಥ ಒಂದು ಮನೆಯನ್ನು ಊಹಿಸಿಕೊಳ್ಳೋಣ. ತಂದೆ ಕಾಲವಾಗಿದ್ದಾನೆ. ಮೂವರು ಗಂಡುಮಕ್ಕಳಲ್ಲಿ ಹಿರಿಯನು ಊರಿನಲ್ಲಿ ಹೊಲ ನೋಡಿಕೊಂಡಿದ್ದಾನೆ. ಒಬ್ಬನು ದಾವಣಗೆರೆಯಲ್ಲಿ, ಒಬ್ಬನು ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾರೆ. ಒಬ್ಬ ಮಗಳು ಮದುವೆಯಾಗಿ ಹೊಳಲ್ಕೆರೆಯಲ್ಲಿದ್ದಾಳೆ. ಮನೆಯನ್ನು ಅಂಕಣಗಳಾಗಿ ಸೀಳಿ ಒಬ್ಬೊಬ್ಬರಿಗೆ ಒಂದೊಂದು ಕೊಡುವುದೋ, ಇಡೀ ಮನೆಯನ್ನು ಹಾಗೆಯೇ ಉಳಿಸಿಕೊಂಡು ಹಬ್ಬಕ್ಕೊಬ್ಬರು ಜಾತ್ರೆಗೊಬ್ಬರು ಎಂದು ಸರದಿ ಹಿಡಿಯುವುದೋ? ಇದು ಸ್ಟುಡಿಯೊ ಮತ್ತು ದೊಡ್ಡ ಮನೆಯ ಪ್ರಶ್ನೆಯೇ, ಬಣ್ಣದ ಪುಸ್ತಿಕೆ ಮಾತ್ರ ಇಲ್ಲ.

ಸೀಳಿದರೆ ಪ್ರತಿಯೊಬ್ಬನಿಗೂ ಬೀಗ ಹಾಕಿಕೊಳ್ಳುವ ಒಂದು ಬಾಗಿಲು ದೊರೆಯುತ್ತದೆ. ಅದು ಅಲ್ಪ ಸಮಾಧಾನವಲ್ಲ. ತನ್ನ ಕೋಣೆಯಲ್ಲಿ ಯಾರ ಮುಲಾಜೂ ಇಲ್ಲದೆ ಎರಡು ದಿನ ಇದ್ದು ಬರಬಹುದು. ಆದರೆ ಪಡಸಾಲೆಯನ್ನು ಸೀಳುವುದು ಹೇಗೆ? ನಡುಮನೆಯ ಬೆಳಕಿಂಡಿ ಯಾರ ಪಾಲಿಗೆ? ಗೋಡೆ ಎಬ್ಬಿಸಿದಲ್ಲಿ ಬೆಳಕು ಒಂದು ಕಡೆ, ಕತ್ತಲೆ ಒಂದು ಕಡೆ. ಸೀಳಲಾಗದ ಸ್ವತ್ತಿಗೆ 1893ರ ವಿಭಾಗ ಕಾಯಿದೆ ಒಂದು ದಾರಿ ತೋರಿಸಿದೆ: ಅರ್ಧ ಅಥವಾ ಅದಕ್ಕೂ ಹೆಚ್ಚಿನ ಪಾಲುಳ್ಳವರು ಕೇಳಿದರೆ ನ್ಯಾಯಾಲಯವು ಮನೆಯನ್ನೇ ಮಾರಿಸಿ ಹಣ ಹಂಚಬಹುದು. ನ್ಯಾಯವಾದ ದಾರಿಯೇ. ಆದರೆ ಹಂಚಿ ಬಂದ ಹಣದಲ್ಲಿ ಆ ಪಡಸಾಲೆಯನ್ನು ಮತ್ತೆ ಕೊಳ್ಳಲು ಬರುವುದಿಲ್ಲ.

ಸರದಿಯ ಪಕ್ಷವನ್ನು ಹಿಡಿದರೆ ಅದರ ಕಷ್ಟಗಳೂ ಕಡಿಮೆಯಲ್ಲ. ಯುಗಾದಿಗೂ ಜಾತ್ರೆಗೂ ಎಲ್ಲರೂ ಬರಬೇಕೆನ್ನುತ್ತಾರೆ, ಆಷಾಢದಲ್ಲಿ ಯಾರೂ ಬೇಡವೆನ್ನುತ್ತಾರೆ. ಕಂಪನಿಗಳು ಈ ತೊಡಕನ್ನು ಬೆಲೆಯಿಂದ ಬಿಡಿಸಿದವು. ಹೆಚ್ಚು ಕೊಟ್ಟವನಿಗೆ ಒಳ್ಳೆಯ ಕಾಲ. ನಮ್ಮ ಹಿರಿಯರು ಬೇರೆ ರೀತಿಯಲ್ಲಿ ಬಿಡಿಸಿದ್ದರು. ಕೆರೆಯ ಕೆಳಗಿನ ಗದ್ದೆಗಳಿಗೆ ನೀರುಗಂಟಿಯು ಸರದಿಯಂತೆ ನೀರು ಬಿಡುತ್ತಿದ್ದನು. ನೀರು ಯಾರದೂ ಅಲ್ಲ, ಸರದಿ ಮಾತ್ರ ಅವರವರದು. ಬರಗಾಲದಲ್ಲಿ ತನ್ನ ಗದ್ದೆ ಒಣಗುತ್ತಿದೆಯೆಂದು ಗೌಡನೇ ಬಂದರೂ ತೂಬಿಗೆ ಕೈಹಾಕುವುದು ರೂಢಿಗೆ ವಿರೋಧವಾಗಿತ್ತು. ಸುಗ್ಗಿಯಲ್ಲಿ ಎಲ್ಲರೂ ಅವನಿಗೆ ಕಾಳಿನ ಪಾಲು ಕೊಡುತ್ತಿದ್ದರು. ಈ ಏರ್ಪಾಡಿನಲ್ಲಿ ಮೋಸ, ದಬ್ಬಾಳಿಕೆ ಇರಲೇ ಇಲ್ಲವೆಂದು ಹೇಳುವುದು ಸುಳ್ಳಾದೀತು. ಜಾತಿಯ ಮೇಲುಕೀಳು ಅಲ್ಲಿಯೂ ಇತ್ತು. ಆದರೂ ಸರದಿ ತಪ್ಪಿದವನು ಮರುದಿನ ಕಟ್ಟೆಯ ಮೇಲೆ ಕುಳಿತು ಹತ್ತು ಜನರೆದುರು ಕೇಳಬಹುದಾಗಿತ್ತು ಎಂಬುದು ಮುಖ್ಯ.

ಸರದಿಯ ಬಾಳು ನಿಂತಿರುವುದು ಈ ಕೇಳುವ ಸಲಿಗೆಯ ಮೇಲೆ ಎಂದು ನಮಗೆ ತೋರುತ್ತದೆ. ಮಠದ ಪ್ರಸಾದನಿಲಯಗಳಲ್ಲಿ ಓದಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಬ್ಬೊಬ್ಬನಿಗೆ ಒಂದು ಟ್ರಂಕು, ಒಂದು ಚಾಪೆಯ ಅಗಲದ ನೆಲ. ಉಳಿದ ಹಜಾರವೆಲ್ಲ ಎಲ್ಲರದು. ಟ್ರಂಕಿಗೆ ಬೀಗವಿತ್ತು, ಹಜಾರಕ್ಕಿರಲಿಲ್ಲ. ಬಡಿಸುವ ಸರದಿ ಬಂದವನು ತಪ್ಪಿಸಿಕೊಂಡರೆ ಪಂಕ್ತಿಯಲ್ಲಿಯೇ ಅವನಿಗೆ ಉತ್ತರ ಸಿಗುತ್ತಿತ್ತು. ವಿಹಾರದ ಕೋಣೆಯ ಪಾಲುದಾರರಾದರೋ ಒಬ್ಬರನ್ನೊಬ್ಬರು ಎಂದೂ ನೋಡುವುದಿಲ್ಲ. ಒಂದೇ ಮಂಚದಲ್ಲಿ ವಾರವಾರ ಬೇರೆ ಬೇರೆ ಜನ ಮಲಗಿ ಏಳುತ್ತಾರೆ. ಬಂದವನಿಗೆ ಹೋದವನ ಹೆಸರು ತಿಳಿಯದಿರುವುದೇ ಅಲ್ಲಿ ಅಚ್ಚುಕಟ್ಟು. ಪಾಲುದಾರರಿದ್ದಾರೆ, ಬಳಗವಿಲ್ಲ. ಅದನ್ನು ನಿಂದಿಸಬೇಕಾಗಿಲ್ಲ, ಬಾಡಿಗೆಯ ಕೋಣೆಯೊಂದನ್ನು ಮುಂಗಡವಾಗಿ ಕೊಂಡಂತೆ ಅದು. ಹಾಗೆಂದು ತಿಳಿದೇ ಕೊಳ್ಳಬೇಕು. ಬೇಕಾದಾಗ ಬೇಕಾದಷ್ಟೇ ದೊಡ್ಡ ಕೋಣೆಯನ್ನು ಬಾಡಿಗೆಗೆ ಪಡೆಯುವುದು ಹೆಚ್ಚಿನ ಸಂಸಾರಗಳಿಗೆ ಇವೆರಡಕ್ಕಿಂತಲೂ ಮೇಲೆಂಬುದು ನಮ್ಮ ಅಭಿಪ್ರಾಯ. ತಾಯಿ ಬರುವ ವರ್ಷ ದೊಡ್ಡದು, ಬಾರದ ವರ್ಷ ಚಿಕ್ಕದು.

ಆದರೆ ಊರಿನ ಮನೆಯನ್ನು ಹೀಗೆ ಬಾಡಿಗೆಗೆ ತರಲಾಗದು. ಅಲ್ಲಿ ನಿರ್ಣಯ ಮಾಡಲೇಬೇಕು. ಮನೆಯನ್ನು ಸೀಳದೆ, ಒಂದೊಂದು ಸಂಸಾರಕ್ಕೆ ಪೆಟ್ಟಿಗೆ ಹಾಸಿಗೆ ಇಡುವಷ್ಟು ಒಂದು ಚಿಕ್ಕ ಕೋಣೆ ಬಿಟ್ಟು, ಪಡಸಾಲೆ, ನಡುಮನೆ, ಅಡುಗೆಮನೆಗಳನ್ನು ಎಲ್ಲರದಾಗಿ ಉಳಿಸುವುದು ಯೋಗ್ಯವೆಂದು ನಾವು ಹೇಳುತ್ತೇವೆ. ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಎರಡೂ ಗಟ್ಟಿಯಾದವು.

ಮೊದಲನೆಯದು ಮಗಳದು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ತನ್ನ 2ನೆಯ ಕಲಮಿನಲ್ಲಿ ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನೇ ಹೇಳಿರುವುದರಿಂದ ಅದು ನಮಗೂ ಅನ್ವಯಿಸುತ್ತದೆ. ಅದೇ ಕಾಯಿದೆಯ 23ನೆಯ ಕಲಮು, ಗಂಡುಮಕ್ಕಳು ವಿಭಾಗಕ್ಕೆ ಮನಸ್ಸು ಮಾಡುವ ತನಕ ಸಂಸಾರ ವಾಸಿಸುವ ಮನೆಯಲ್ಲಿ ಹೆಣ್ಣುಮಗಳು ಪಾಲು ಕೇಳುವಂತಿಲ್ಲ ಎಂದಿತ್ತು. ಮದುವೆಯಾಗಿ ಗಂಡನ ಮನೆಯಲ್ಲಿ ಬಾಳುತ್ತಿರುವವಳಿಗೆ ವಾಸದ ಹಕ್ಕನ್ನೂ ಅದು ಕೊಟ್ಟಿರಲಿಲ್ಲ. 2005ರ ತಿದ್ದುಪಡಿ ಆ ಕಲಮನ್ನು ತೆಗೆದುಹಾಕಿ ಮಗಳನ್ನು ಮಗನಿಗೆ ಸಮನಾಗಿ ನಿಲ್ಲಿಸಿತು. ಕರ್ನಾಟಕವು 1994ರಲ್ಲಿಯೇ, ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಆ ಹಕ್ಕು ಕೊಟ್ಟಿತ್ತು. 2005ರಲ್ಲಿ ತಂದೆ ಬದುಕಿರಲಿ ಇಲ್ಲದಿರಲಿ ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದೆಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಆದರೂ ‘ಮನೆ ಒಡೆಯಬಾರದು’ ಎಂಬ ಸುಂದರವಾದ ಮಾತನ್ನು ನಮ್ಮವರು ಅನೇಕ ಕಡೆ ತಂಗಿಯಿಂದ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಮಾಡಿಸಲಷ್ಟೇ ಬಳಸುತ್ತಾರೆ. ಅರಿಶಿನ ಕುಂಕುಮ, ಸೀರೆ ಕೊಟ್ಟು ಕಳುಹಿಸುವುದು ಸರದಿಯಲ್ಲ, ಉಪಚಾರ. ತನ್ನ ಕೋಣೆಯ ಬೀಗದಕೈ ಅವಳ ಕೈಯಲ್ಲಿಲ್ಲದಿದ್ದರೆ ಕೂಡಿಟ್ಟ ಮನೆಯೆಂಬುದು ಮೂವರು ಕೂಡಿ ನಾಲ್ಕನೆಯವಳನ್ನು ಹೊರಗಿಟ್ಟ ಮನೆಯಾಗುತ್ತದೆ. ಅದಕ್ಕಿಂತ ಸೀಳಿದ ಮನೆಯೇ ಲೇಸು.

ಎರಡನೆಯ ಆಕ್ಷೇಪ ಊರಿನಲ್ಲಿ ಉಳಿದ ಅಣ್ಣನದು. ಪಟ್ಟಣದ ತಮ್ಮಂದಿರು “ನೀನು ವರ್ಷವೆಲ್ಲ ಅನುಭವಿಸುತ್ತೀ, ನಾವು ನಾಲ್ಕು ದಿನ” ಎನ್ನುತ್ತಾರೆ. ಅಣ್ಣನ ಲೆಕ್ಕ ಬೇರೆ. ಮಣ್ಣಿನ ಮಾಳಿಗೆಗೆ ಮುಂಗಾರಿಗೆ ಮುನ್ನ ಕರಲುಮಣ್ಣು ಹೊತ್ತು ಹಾಕಬೇಕು. ಹಾಕದಿದ್ದರೆ ಸೋರಿ ಜಂತೆ ಕೊಳೆಯುತ್ತದೆ. ಗೆದ್ದಲು ನೋಡಬೇಕು, ಪಂಚಾಯಿತಿಗೆ ಕಂದಾಯ ಕಟ್ಟಬೇಕು. ಅಮ್ಮ ಕಾಯಿಲೆ ಬಿದ್ದ ರಾತ್ರಿ ಚಿತ್ರದುರ್ಗದ ಆಸ್ಪತ್ರೆಗೆ ಒಯ್ಯಬೇಕು. ತಮ್ಮಂದಿರು ಹಬ್ಬಕ್ಕೆ ಬಂದಾಗ ಅವನ ಹೆಂಡತಿ ಹನ್ನೆರಡು ಜನರಿಗೆ ರೊಟ್ಟಿ ಬಡಿಯಬೇಕು. ಅವರ ಸರದಿ ವಿಹಾರದ್ದು, ಇವನ ಸರದಿ ಚಾಕರಿಯದು. ಕಂಪನಿಯವರು ನಿರ್ವಹಣೆಯ ಹಣವನ್ನು ತಪ್ಪದೆ ಕೇಳುತ್ತಾರೆ. ಅಣ್ಣನು ಕೇಳಲು ಸಂಕೋಚಪಡುತ್ತಾನೆ, ಕೇಳದೆ ಹತ್ತು ವರ್ಷ ಕಳೆದು ಒಂದು ದಿನ ಜಗಳಕ್ಕೆ ನಿಲ್ಲುತ್ತಾನೆ. ಈ ಒಂದು ವಿಷಯದಲ್ಲಿ ಕಂಪನಿಯವರಿಂದ ಕಲಿಯುವುದಿದೆ. ಆ ಜಗಳದಲ್ಲಿ ಅಣ್ಣನ ಬಾಯಿ ದೊಡ್ಡದಾಗಿ ಕೇಳಿಸಬಹುದು, ನ್ಯಾಯ ಮಾತ್ರ ಬಹುಮಟ್ಟಿಗೆ ಅವನ ಕಡೆಗೇ ಇರುತ್ತದೆ.

ಆದ್ದರಿಂದ ಕೂಡಿ ಇಟ್ಟುಕೊಳ್ಳಬೇಕೆನ್ನುವವರು ಬಾಯಿಮಾತಿಗೆ ಬಿಡದೆ ಬರೆದಿಡಬೇಕು. ಮೊದಲೇ ಒಪ್ಪಿ ನಡೆಸಿಕೊಂಡು ಬಂದ ಏರ್ಪಾಡನ್ನು ನೆನಪಿಗಾಗಿ ಬರೆದಿಟ್ಟ ಪತ್ರಕ್ಕೆ ನೋಂದಣಿಯ ಅಗತ್ಯವಿಲ್ಲ. ಹೊಸದಾಗಿ ಹಕ್ಕು ಹುಟ್ಟಿಸುವ ಪತ್ರವಾದರೆ 1908ರ ಕಾಯಿದೆಯಂತೆ ನೋಂದಾಯಿಸಲೇಬೇಕು. ಇದನ್ನು ತಿಳಿದ ವಕೀಲರನ್ನು ಕೇಳಿ ಮಾಡುವುದು ಕ್ಷೇಮ. ನಾಲ್ವರ ಹೆಸರೂ, ನಾಲ್ಕು ಕೋಣೆಗಳ ಗುರುತೂ, ಯುಗಾದಿ ಯಾವ ವರ್ಷ ಯಾರ ಖರ್ಚಿನದೆಂಬುದೂ ಅದರಲ್ಲಿರಲಿ. ಕರಲುಮಣ್ಣಿನ ಗಾಡಿಗೆ, ಅದನ್ನು ಹೊರುವ ಆಳಿಗೆ ಎಷ್ಟು ಹಣ, ಯಾವ ತಿಂಗಳೊಳಗೆ ಯಾರು ಯಾರು ಅಣ್ಣನ ಕೈಗೆ ಕೊಡಬೇಕು ಎಂಬುದನ್ನು ಎಲ್ಲಕ್ಕೂ ಮೊದಲು ಬರೆಯಬೇಕು.