ತೂಬಿನ ಹಲಗೆಯ ಕೆಳಗಿನ ನೀರು

ಬೇಸಾಯ ಮಾಡುವ ನಾವು ಕಾಲುವೆಯ ತೂಬನ್ನು ದಿನಾಲು ಕಾಣುತ್ತೇವಾದರೂ, ಅದರ ಹಲಗೆಯ ಕೆಳಗಿನಿಂದ ನೀರು ಯಾವ ಪ್ರಕಾರ ಹೊರಡುವದೆಂದು ವಿಚಾರಿಸುವವರು ಕೊಂಚವೇ. 1911ರಲ್ಲಿ ಕಟ್ಟಲಾರಂಭಿಸಿದ ಕೃಷ್ಣರಾಜಸಾಗರದಿಂದ ಮಂಡ್ಯದ ಸೀಮೆಗೆ ಹರಿಯುವ ವಿಶ್ವೇಶ್ವರಯ್ಯ ಕಾಲುವೆಯಾಗಲಿ, ನಮ್ಮೂರ ಕೆರೆಯ ಸಣ್ಣ ಕಾಲುವೆಯಾಗಲಿ, ನೀರಿಗೆ ದೇವರು ಇಟ್ಟಿರುವ ಕಟ್ಟಳೆ ಒಂದೇ.

ಹಲಗೆಯನ್ನು ಎತ್ತಿದಾಗ ಅಡಿಯ ಸಂದಿನಿಂದ ನುಗ್ಗುವ ನೀರನ್ನು ನೂಕುವಂಥಾದ್ದು ಯಾವದು? ಹಿಂದೆ ನಿಂತಿರುವ ನೀರಿನ ಎತ್ತರವೇ. ಸಂದಿನ ಮೇಲೆ 1 ಅಡಿ ನೀರು ನಿಂತರೆ ಹೊರಡುವ ಧಾರೆಯ ವೇಗವು ಸೆಕೆಂಡಿಗೆ ಸುಮಾರು 8 ಅಡಿ. 4 ಅಡಿ ನಿಂತರೆ 16 ಅಡಿ. ಎತ್ತರವು ನಾಲ್ಮಡಿಯಾದರೆ ವೇಗವು ಇಮ್ಮಡಿಯಾಗುವದೆಂಬ ಈ ಲೆಕ್ಕವನ್ನು ಇಟಲಿಯ ತೊರಿಚೆಲ್ಲಿ ಎಂಬ ಪಂಡಿತನು 1644ರಲ್ಲಿ ಪ್ರಕಟಿಸಿದನು. (ನಮ್ಮ ನೀರಗಂಟಿಗಳು ಪುಸ್ತಕವಿಲ್ಲದೆಯೇ ಇದನ್ನು ಬಲ್ಲರು.) ಇನ್ನೂ ಒಂದು ವಿಚಿತ್ರವುಂಟು. ಹಲಗೆಯನ್ನು 10 ಅಂಗುಲ ಎತ್ತಿದರೆ ಹೊರಬಿದ್ದ ಧಾರೆಯು 10 ಅಂಗುಲ ದಪ್ಪವಾಗಿರದು. ಮೇಲಿನಿಂದ ಇಳಿದು ಬರುವ ನೀರು ಹಲಗೆಯ ಅಂಚಿನಲ್ಲಿ ತಟ್ಟನೆ ತಿರುಗಲಾರದೆ ಬಾಗುತ್ತಾ ಹೋಗುವದರಿಂದ, ಸ್ವಲ್ಪ ಮುಂದೆ ಸುಮಾರು 6 ಅಂಗುಲಕ್ಕೆ ಕುಗ್ಗುವದು. ಆ ತೆಳ್ಳನೆಯ ಧಾರೆಯು ಮುಂದಿನ ನಿಧಾನವಾದ ನೀರಿಗೆ ತಾಕಿ, ನೊರೆಗಟ್ಟಿ ಮೇಲಕ್ಕೆದ್ದು, ತನ್ನ ಬಲವನ್ನು ಅಲ್ಲಿ ಕಳಕೊಳ್ಳುವದು. ಆ ಸ್ಥಳದಲ್ಲಿ ಕಲ್ಲು ಹಾಸಿರದಿದ್ದರೆ ಮಣ್ಣು ಕೊರೆದುಹೋಗಿ ತೂಬೇ ಕುಸಿಯುವದುಂಟು.

ಇದನ್ನೆಲ್ಲಾ ಯಾಕೆ ಬರೆಯುತ್ತೇವಂದರೆ, ರಾತ್ರಿಯಲ್ಲಿ ಹಲಗೆಯನ್ನು ಎತ್ತುವವರು ನಮ್ಮ ಸಭೆಗಳಲ್ಲಿಯೂ ಇದ್ದಾರೆ. "ಎರಡೇ ಅಂಗುಲ, ಅದರಿಂದೇನು?" ಅನ್ನುವರು. ಎರಡು ಅಂಗುಲವಿದ್ದ ಸಂದು ನಾಲ್ಕಾದರೆ, ಹಿಂದಿನ ನೀರು ಇಳಿಯದಿರುವಾಗ, ಹೊರಡುವ ನೀರು ಹೆಚ್ಚುಕಡಿಮೆ ಇಮ್ಮಡಿಯಾಗುವದು. ದಡದ ಮೇಲೆ ನಿಂತವನಿಗೆ ಹಿಂದಿನ ನೀರು ಕನ್ನಡಿಯಂತೆ ಶಾಂತವಾಗಿಯೇ ತೋರುವದು. ಕಳವು ನಡೆಯುವದು ಅಡಿಯಲ್ಲಿ. ಹೆಚ್ಚಾಗಿ ಹೊರಟ ಆ ನೀರು ಆಕಾಶದಿಂದ ಬಂದದ್ದಲ್ಲ, ಕಾಲುವೆಯ ಕೊನೆಯಲ್ಲಿರುವವನ ಪಾಲು. ಅವನ ಬತ್ತವು ಹೊಡೆ ಬಿರಿಯುವ ಹೊತ್ತಿಗೆ ಒಣಗುವದು, ಎತ್ತಿದವನ ಗದ್ದೆಯಾದರೋ ನೀರು ನಿಂತು ನಿಂತು ಚೌಳಾಗುವದು. ಒಬ್ಬನಿಗೂ ಲಾಭವಿಲ್ಲ.

ನೆರೆಯವನ ಗಡಿಕಲ್ಲನ್ನು ಸರಿಸಬಾರದೆಂದು ಮೋಶೆಯ ಧರ್ಮಶಾಸ್ತ್ರವು ಆಜ್ಞಾಪಿಸಿತು. ತೂಬಿನ ಹಲಗೆಯು ನೀರಿನ ಗಡಿಕಲ್ಲಲ್ಲವೋ? ಕೊರಿಂಥದ ಸಭೆಯಲ್ಲಿ ಮುಂದಾಗಿ ಬಂದವರು ತಮ್ಮ ಊಟವನ್ನು ತಾವೇ ಉಂಡು, ಇಲ್ಲದವರನ್ನು ಹಸಿದಿರಗೊಟ್ಟರು. ಪೌಲನು ಅವರನ್ನು ಹೊಗಳಲಿಲ್ಲ. ದೇವರ ಸಭೆಯನ್ನೇ ತಾತ್ಸಾರ ಮಾಡುತ್ತೀರೋ ಎಂಬ ಅರ್ಥದಲ್ಲಿ ಗದರಿಸಿದನು. ಕಾಲುವೆಯ ತಲೆಯಲ್ಲಿ ಹೊಲವಿರುವದು ನಮ್ಮ ಯೋಗ್ಯತೆಯಿಂದಲ್ಲ. ನೀರು ಮೊದಲು ನಮ್ಮ ಬಾಗಲಿಗೆ ಬರುವದು, ಅಷ್ಟೇ.

ನೀರಗಂಟಿಯ ಕೈ ಬೆಚ್ಚಗೆ ಮಾಡಿ, ತಪ್ಪನ್ನು ಅವನ ಮೇಲೆ ಹೊರಿಸುವದು ಇನ್ನೂ ಹೀನವಾದ ಕೆಲಸ. ಆದಕಾರಣ ಸಭೆಯ ಹಿರಿಯರು ಸರದಿ ಆರಂಭವಾಗುವದಕ್ಕೆ ಮೊದಲೇ ಊರವರೆಲ್ಲರನ್ನೂ ಕೂಡಿಸಿಕೊಂಡು, ಹಲಗೆಯ ಸಲಾಕಿಯ ಮೇಲೆ ಎಲ್ಲರೆದುರಿಗೆ ಗುರುತು ಹಾಕಿಸಲಿ. ತಲೆಯ ಕಡೆಯವನೊಬ್ಬನೂ ಕೊನೆಯ ಕಡೆಯವನೊಬ್ಬನೂ ಒಂದೇ ಲಾಂದ್ರವನ್ನು ಹಿಡಿದು ರಾತ್ರಿ ಜೊತೆಯಾಗಿ ಕಾಯಲಿ.